ಒಲ್ಲೆನೆಂದವಳಿಗೆ ಡ್ಯುಯೆಟ್ ಬೇಕೇ?

ಗಿಲ್ಲೆಸುಗೂರಿನಿಂದ ಮುದಗಲ್ಲಿನವರೆಗೆ ನಮ್ಮ ಎಡೆದೊರೆ ನಾಡಿನಲ್ಲಿ ಕೋಟೆ, ಕಾಳಗದ ಕಥೆಗಳಿಗೆ ಬರವಿಲ್ಲ. ಸಿನಿಮಾಕ್ಕೆಂದೇ ಹೇಳಿ ಮಾಡಿಸಿದಂತಿರುವುದು ಮುದಗಲ್ಲಿನ ಅಕ್ಕಸಾಲಿಗರ ಹುಡುಗಿ ಪರ್ತಾಲಳ ಕಥೆ. ಇತಿಹಾಸಕಾರ ಫೆರಿಷ್ತಾ ಬರೆದಂತೆ, ಅವಳ ಚೆಲುವಿನ ಸುದ್ದಿ ಕೇಳಿಯೇ ಮನಸೋತ ವಿಜಯನಗರದ ಒಂದನೇ ದೇವರಾಯ, ಒಡವೆ ಕೊಟ್ಟು ಬ್ರಾಹ್ಮಣನೊಬ್ಬನನ್ನು ಕಳಿಸಿದ. ಹೆತ್ತವರು ಹಿಗ್ಗಿದರು. ಹುಡುಗಿ ಮಾತ್ರ ಹಾರಕ್ಕೆ ಕೊರಳೊಡ್ಡಲಿಲ್ಲ. ರಾಣಿವಾಸ ಸೇರಿದವರಿಗೆ ತವರಿನವರ ಮುಖ ಕಾಣುವ ಭಾಗ್ಯವಿಲ್ಲ ಎಂಬುದು ಅವಳ ತಕರಾರು. ರಾಯ ದಂಡು ಕಳಿಸಿದ. ಮುದಗಲ್ಲನ್ನು ಆಳುತ್ತಿದ್ದ ಸುಲ್ತಾನ ಫಿರೋಜ್ ಶಾ ಬಹಮನಿಯೊಂದಿಗೆ 1406ರಲ್ಲಿ ಯುದ್ಧವೇ ಆಯಿತು. ಕೊನೆಗೆ ರಾಯ ತನ್ನ ಮಗಳನ್ನೂ ಬಂಕಾಪುರವನ್ನೂ ಸುಲ್ತಾನನಿಗೆ ಕೊಟ್ಟು ರಾಜಿಯಾದ. ಪರ್ತಾಲ ಸುಲ್ತಾನನ ಮಗನ ಕೈಹಿಡಿದಳು.

ಇಂಥ ಕಥೆಯನ್ನು ತೆರೆಗೆ ತರುವವರು ಅದನ್ನು ಬದಲಿಸಬಹುದೇ?

ಬದಲಿಸಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಫೆರಿಷ್ತಾ ಬಿಜಾಪುರದಲ್ಲಿ ಇದನ್ನು ಬರೆದದ್ದು ಸುಮಾರು 200 ವರ್ಷಗಳ ಮೇಲೆ. ಮೂಲವೇ ಕೇಳಿ ಬರೆದದ್ದಾದರೆ, ತಿರುಚಿದರು ಎಂದು ದೂರಲು ಅಳತೆಗೋಲು ಯಾವುದು? 14ನೇ ಶತಮಾನದ ಕಂಪಿಲಿಯ ಕುಮಾರರಾಮನನ್ನೇ ನೋಡಿ. ನಂಜುಂಡ ಕವಿ ಅವನನ್ನು ಸಾಂಗತ್ಯದಲ್ಲಿ ಹಾಡಿದ, ಬಯಲಾಟದವರು ಇರುಳಿಡೀ ಕುಣಿದರು, 2006ರಲ್ಲಿ ಎಚ್.ಆರ್. ಭಾರ್ಗವ ಶಿವರಾಜಕುಮಾರ್ ಅವರನ್ನು ಹಾಕಿಕೊಂಡು 'ಗಂಡುಗಲಿ ಕುಮಾರರಾಮ' ತೆಗೆದರು. ಹೇಳುವವರೆಲ್ಲ ಬಿಡುತ್ತ, ಸೇರಿಸುತ್ತ ಬಂದದ್ದರಿಂದಲೇ ಕಥೆ ಬಾಳಿದೆ.

ಬದಲಿಸಬೇಡಿ ಎನ್ನುವವರ ಅಂಜಿಕೆಯೂ ಸುಳ್ಳಲ್ಲ. ಬಯಲಾಟ ಊರಿಂದ ಊರಿಗೆ ಬೇರೆಯಾಗುತ್ತದೆ, ಸಿನಿಮಾ ಎಲ್ಲೆಡೆಯೂ ಒಂದೇ. ತೆರೆಯ ಮೇಲೆ ಕಂಡದ್ದೇ ಮಕ್ಕಳ ಪಾಲಿಗೆ ಇತಿಹಾಸ. ಮೇಲಾಗಿ, ಕುಮಾರರಾಮ ಹಲವರು ಪೂಜಿಸುವ ದೈವ. ಆದರೆ ಈ ಅಂಜಿಕೆ ನಿಷೇಧದವರೆಗೆ ಹೋಗಬಾರದು. ಕವಿ ಜಾಯಸಿಯ ಕಾವ್ಯವನ್ನು ಆಧರಿಸಿದ ಹಿಂದಿ ಸಿನಿಮಾ 'ಪದ್ಮಾವತ್' ಹೆಸರು ಬದಲಿಸಿಕೊಂಡರೂ ಗಲಾಟೆ ತಪ್ಪಲಿಲ್ಲ; 2018ರಲ್ಲಿ ರಾಜ್ಯಗಳ ನಿಷೇಧವನ್ನು ಸುಪ್ರೀಂ ಕೋರ್ಟೇ ತಡೆಯಬೇಕಾಯಿತು.

ಹಾಡು, ಕುಣಿತ, ಹೊಸ ಪಾತ್ರ ಬೇಕಾದಷ್ಟು ಸೇರಿಸಲಿ. ಕಥೆಯ ಬೇರನ್ನು ಮಾತ್ರ ಕೀಳಬಾರದು. ಮಲತಾಯಿ ರತ್ನಾಜಿಯ ಬಯಕೆಗೆ ಕುಮಾರರಾಮ ಒಲ್ಲೆನೆಂದ; ಅರಮನೆಯ ಹಾರಕ್ಕೆ ಪರ್ತಾಲ ಒಲ್ಲೆನೆಂದಳು. ಮುಂದಿನದೆಲ್ಲ ಹುಟ್ಟಿದ್ದು ಅದರಿಂದಲೇ. ಕೋಟೆಯ ಮೇಲೊಂದು ಡ್ಯುಯೆಟ್ ಹಾಡಿಸಿ ಅವಳನ್ನು ರಾಯನಿಗೆ ಒಲಿಸಿಬಿಟ್ಟರೆ ಅದು ಬೇರೆಯದೇ ಕಥೆ. ಅದನ್ನೂ ತೆಗೆಯಲಿ, ಮುದಗಲ್ಲಿನ ಹೆಸರು ಬಿಟ್ಟು.