ಭಾನುವಾರದ ಪಂಕ್ತಿ

ಅತಿಥಿಯಾಗಿ ಕುಳಿತವನು ಬಡಿಸಿದ್ದನ್ನೆಲ್ಲ ಹೊಗಳಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮರ್ಯಾದೆ. ಉಪ್ಪಿಲ್ಲದ ಸಾರಿಗೆ "ನಾಲಗೆಗೆ ಹಿತವಾಗಿದೆ" ಎನ್ನುತ್ತೇವೆ. ತಳ ಹಿಡಿದ ಪಾಯಸಕ್ಕೆ "ಏನೋ ಒಂದು ವಿಶೇಷ ಪರಿಮಳ" ಎನ್ನುತ್ತೇವೆ. ಮರ್ಯಾದೆ ಒಳ್ಳೆಯದೇ. ಆದರೆ ಅದು ಉಳಿದಿರುವಷ್ಟು ದಿನವೂ ಅತಿಥಿ ಅತಿಥಿಯಾಗಿಯೇ ಉಳಿಯುತ್ತಾನೆಂಬುದು ನನಗೆ ತಿಳಿದದ್ದು ಈಚೆಗೆ. ಅದೂ ನನ್ನ ಕೈಯಲ್ಲೇ ಕೆಟ್ಟ ಒಂದು ಅಡಿಗೆಯಿಂದ.

ಬೆಂಗಳೂರಿನ ನಮ್ಮ ಬೀದಿಯ ನಾಲ್ಕು ಮನೆಯವರು ವಾರಕ್ಕೊಮ್ಮೆ ರಾತ್ರಿಯ ಊಟವನ್ನು ಒಟ್ಟಿಗೆ ಮಾಡುವ ಏರ್ಪಾಡು ಕಳೆದ ವರ್ಷ ಆರಂಭವಾಯಿತು. ಮೊಬೈಲಿನ ಮೇಲೆ ಬೆರಳೊತ್ತಿದರೆ ಅರ್ಧ ಗಂಟೆಯಲ್ಲಿ ಊಟ ಬಾಗಿಲಿಗೆ ಬರುವ ಊರಿನಲ್ಲಿ ಇದೇತಕ್ಕೆ ಎಂದು ನನ್ನ ಮಗನೇ ನಕ್ಕ. ದಿನವನ್ನು ಗೊತ್ತುಮಾಡುವುದೇ ದೊಡ್ಡ ರಾಜಕಾರಣವಾಯಿತು. ಸೋಮವಾರ ಒಬ್ಬರಿಗೆ ಉಪವಾಸ, ಗುರುವಾರ ಇನ್ನೊಬ್ಬರು ರಾಯರ ಮಠಕ್ಕೆ ಹೋಗಬೇಕು, ಶನಿವಾರ ನಮ್ಮ ಮನೆಯಲ್ಲೇ ಒಪ್ಪತ್ತು. ಕೊನೆಗೆ ಯಾರ ವ್ರತಕ್ಕೂ ಅಡ್ಡಬಾರದ ಭಾನುವಾರ ಗೆದ್ದಿತು.

ಕಟ್ಟಳೆಗಳು ಎರಡೇ. ಅಡಿಗೆ ಮೂರು ಬಗೆಯನ್ನು ಮೀರಬಾರದು. ಆ ಮೂರರಲ್ಲಿ ಒಂದು, ಮಾಡುವವರು ಹಿಂದೆಂದೂ ಮಾಡದ ಹೊಸದಾಗಿರಬೇಕು. ಮಿಕ್ಕೆರಡು ಕೈಗೆ ಪಳಗಿದವಾಗಿದ್ದರೆ, ಹೊಸದು ಕೆಟ್ಟರೂ ಯಾರೂ ಹಸಿದು ಏಳುವ ಹಾಗಿಲ್ಲ.

ನಾಲ್ಕು ಮನೆಗಳಲ್ಲಿ ನಮ್ಮದು ಮೈಸೂರು ಕಡೆಯದು. ಎದುರು ಮನೆಯಾಕೆ ಉಡುಪಿಯವರು. ಮೂಲೆಮನೆಯಲ್ಲಿ ಸಾಗರದ ಕಡೆಯ ಎಳೆಯ ದಂಪತಿಗಳು; ಇಬ್ಬರೂ ಕಚೇರಿಗೆ ಹೋಗುವವರು, ದೊಡ್ಡಪತ್ರೆಯ ತಂಬುಳಿಯಲ್ಲೇ ಎರಡು ಸರದಿ ದಾಟಿಸಿದ ಜಾಣರು. ನಾಲ್ಕನೆಯವರು ಧಾರವಾಡದ ನಿವೃತ್ತ ಮೇಷ್ಟ್ರು. ಪತ್ನಿ ತೀರಿಕೊಂಡು ಎರಡು ವರ್ಷವಾಗಿತ್ತು. "ನನಗ ಅಡಿಗಿ ಬರಂಗಿಲ್ರೀ" ಎಂದು ಪ್ರತಿ ವಾರವೂ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬರುತ್ತಿದ್ದರು. ಮೂಲೆಯಲ್ಲಿ ಕುಳಿತು ಮಿತವಾಗಿ ಉಂಡು, ಎಲ್ಲವನ್ನೂ ಹೊಗಳಿ, ಎಲ್ಲರಿಗಿಂತ ಮೊದಲು ಏಳುತ್ತಿದ್ದರು.

ಮೊದಲ ಎರಡು ತಿಂಗಳು ನಾವೆಲ್ಲರೂ ಹೀಗೆಯೇ ಇದ್ದೆವು. ಹೊಸ ಅಡಿಗೆ ಬಂತು, ಹೊಗಳಿಕೆ ಬಂತು, ತಾಂಬೂಲ ಬಂತು, ಮನೆಗೆ ನಡೆದೆವು.

ಶ್ರಾವಣದಲ್ಲಿ ನನ್ನ ಸರದಿ. ಮಾರುಕಟ್ಟೆಯಲ್ಲಿ ಕೆಸುವಿನ ಎಲೆ ಕಂಡು ಪತ್ರೊಡೆ ಮಾಡುವ ಧೈರ್ಯ ಹುಟ್ಟಿತು. ಎದುರು ಮನೆಯಾಕೆ ಕ್ರಮವನ್ನು ವಿವರವಾಗಿ ಹೇಳಿದ್ದರು. ನೆನೆಸಿದ ಅಕ್ಕಿಗೆ ತೆಂಗಿನ ತುರಿ, ಹುರಿದ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಹುಣಸೆ, ಬೆಲ್ಲ ಸೇರಿಸಿ ಗಟ್ಟಿಯಾಗಿ ರುಬ್ಬಬೇಕು. ಎಲೆಯ ದಪ್ಪ ನರಗಳನ್ನು ಹೆರೆದು, ಹಿಂಬದಿಗೆ ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಬೇಕು. "ಎರಡು ಪಾವು ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ, ಅದರಲ್ಲಿ ಮಾತ್ರ ಕೈ ಹಿಡಿಯಬೇಡಿ" ಎಂದಿದ್ದರು. ಇಷ್ಟು ಹುಳಿಯೇ ಎಂದು ನನ್ನ ಮೈಸೂರು ನಾಲಗೆ ಅಂಜಿತು. ನೆಲ್ಲಿಕಾಯಿಯಷ್ಟು ಹಾಕಿ ಕೈಬಿಟ್ಟೆ.

ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಗಂಟಲಿಗೆ ಚುಚ್ಚಿ ತುರಿಕೆ ತರುವುದು ಅವೇ. ಹುಣಸೆ ಅಲ್ಲಿ ರುಚಿಗಷ್ಟೇ ಇರುವುದಲ್ಲ, ಆ ತುರಿಕೆಯನ್ನು ಅಡಗಿಸುವುದಕ್ಕೂ ಇರುವುದು. ಇದು ನನಗೆ ಆಗ ತಿಳಿದಿರಲಿಲ್ಲ.

ಪಂಕ್ತಿ ಕುಳಿತಿತು. ಮೊದಲ ತುತ್ತಿಗೆ "ಬಹಳ ಚೆನ್ನಾಗಿದೆ" ಎಂದರು. ಎರಡನೆಯ ತುತ್ತಿಗೆ ಯಾರೂ ಮಾತನಾಡಲಿಲ್ಲ. ಮೂರನೆಯದಕ್ಕೆ ಮೂಲೆಮನೆಯ ಹುಡುಗ ನೀರಿನ ಲೋಟಕ್ಕೆ ಕೈಹಾಕಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನನ್ನ ಯಜಮಾನರು ಸರಿಮಾಡಿಕೊಂಡರು. ಆಮೇಲೆ ಇಡೀ ಪಂಕ್ತಿಯೇ ಸಂಗೀತ ಕಚೇರಿಯ ಮೊದಲಿನ ಹಾಗೆ ಗಂಟಲು ಸರಿಮಾಡತೊಡಗಿತು. ಆದರೂ ಒಬ್ಬರೂ ತಟ್ಟೆ ಬಿಡಲಿಲ್ಲ. ಕಡೆಗೆ ಎದುರು ಮನೆಯಾಕೆ ಕಣ್ಣೊರೆಸಿಕೊಳ್ಳುತ್ತ, "ಹುಣಸೆ ಎಷ್ಟು ಹಾಕಿದ್ದು ಮಾರಾಯ್ತಿ, ನಮ್ಮನ್ನು ಕೊಲ್ತೀಯಾ?" ಎಂದುಬಿಟ್ಟರು.

ಆರು ವರ್ಷದ ಪರಿಚಯದಲ್ಲಿ ಆಕೆಯ ಬಾಯಿಂದ ನನಗೆ ಬಂದ ಮೊದಲ ಏಕವಚನ ಅದು. ಎಲ್ಲರೂ ನಕ್ಕರು. ಮೊಸರಿನ ಪಾತ್ರೆ ಕ್ಷಣದಲ್ಲಿ ಬರಿದಾಯಿತು.

ಕನ್ನಡದಲ್ಲಿ ಪಾಕದ ವಿಚಾರವನ್ನು ಬರೆದಿಡುವ ವಾಡಿಕೆ ನಿನ್ನೆ ಮೊನ್ನೆಯದಲ್ಲ. ಚಾವುಂಡರಾಯನ ಸುಮಾರು 1025ರ 'ಲೋಕೋಪಕಾರ'ದಲ್ಲಿಯೂ, ಎಷ್ಟೋ ಕಾಲದ ಮೇಲೆ ಬಂದ ಮಂಗರಸನ 'ಸೂಪಶಾಸ್ತ್ರ'ದಲ್ಲಿಯೂ ಅದು ಉಂಟು. ಇಂದು ಮೊಬೈಲಿನಲ್ಲಿ ಬೇಕಾದಷ್ಟುಂಟು. ಆದರೆ "ನೀನು ಹುಣಸೆ ಕಡಿಮೆ ಹಾಕಿದೆ" ಎಂದು ಯಾವ ಗ್ರಂಥವೂ ಹೇಳಲಾರದು. ಅದಕ್ಕೆ ಎದುರು ಕುಳಿತು ಉಣ್ಣುವ ಒಬ್ಬ ಮನುಷ್ಯ ಬೇಕು.

ಅಂದು ಮೇಷ್ಟ್ರು ಬೇಗ ಏಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕಾರ, ಹಿಂಗೂ ನಡೀತದ ಅಂದ್ರ, ಮುಂದಿನ ಸರದಿ ನನಗ ಕೊಡ್ರಿ" ಎಂದರು.

ಕೊಟ್ಟೆವು. ಅವರು ಮಾಡಹೊರಟದ್ದು ಜೋಳದ ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಅಂಟು ಬರುತ್ತದೆ. ಮೇಷ್ಟ್ರು ನೀರನ್ನು ಬೆಚ್ಚಗೆ ಮಾಡಿ ಸಾಕೆಂದುಕೊಂಡಿದ್ದರು. ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹೆಂಚಿನ ಮೇಲೆ ಮೂರು ತುಂಡಾಯಿತು. ಎಂಟನೆಯದು ಹೇಗೋ ದುಂಡಗೆ ಬಂತು. ಆ ಚೂರುಗಳನ್ನೇ ಎದುರು ಮನೆಯಾಕೆ ಮಾಡಿ ತಂದ ಬದನೆಯ ಎಣ್ಣೆಗಾಯಿಯೊಡನೆ ತಿಂದೆವು. "ಚೆನ್ನಾಗಿದೆ" ಎಂದು ಯಾರೂ ಹೇಳಲಿಲ್ಲ. "ನೀರು ಕುದಿಯಲಿಲ್ಲ ಮೇಷ್ಟ್ರೇ" ಎಂದಳು ಮೂಲೆಮನೆಯ ಹುಡುಗಿ.

ಅವರು ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಎರಡು ವರ್ಷದಿಂದ ರಾತ್ರಿ ಹೊತ್ತು ಒಲಿ ಹಚ್ಚಿದ್ದಿಲ್ಲ. ಬ್ರೆಡ್ಡು ಹಾಲಿನಾಗ ಅದ್ದಿ ಅಡಿಗಿಮನ್ಯಾಗ ನಿಂತಕೊಂಡು ತಿಂತಿದ್ದೆ. ಒಬ್ಬನ ಸಲುವಾಗಿ ತಾಟು ಯಾಕ ತೊಳೀಬೇಕು ಅಂತ."

ಈ ಎರಡು ವರ್ಷವೂ ಸಂಜೆಯ ಹೊತ್ತು ಗೇಟಿನಲ್ಲಿ ಕಂಡಾಗಲೆಲ್ಲ ನಾನು "ಊಟವಾಯಿತೇ ಮೇಷ್ಟ್ರೇ?" ಎಂದು ಕೇಳಿದ್ದೆ. ಅವರು "ಆತ್ರೀ" ಎಂದಿದ್ದರು. ನಾನು ಕೇಳಿದ್ದೂ ಮರ್ಯಾದೆಗೆ, ಅವರು ಹೇಳಿದ್ದೂ ಮರ್ಯಾದೆಗೆ. ನಡುವೆ ಒಬ್ಬ ಮನುಷ್ಯ ಹಸಿದಿದ್ದ.

ಒಂದು ಊಟದಿಂದ ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಮೇಷ್ಟ್ರು ಈಗ ವಾರಕ್ಕೆ ಎರಡು ಮೂರು ರಾತ್ರಿ ಒಲೆ ಹಚ್ಚುತ್ತಾರೆ. ಉಳಿದ ದಿನ ಯಾರಾದರೊಬ್ಬರ ಮನೆಯಿಂದ ಸಾರಿನ ಪಾತ್ರೆ ಹೋಗುತ್ತದೆ. ಪಾತ್ರೆ ಬರಿದಾಗಿ ಹಿಂದಿರುಗುವುದಿಲ್ಲ. ತಳದಲ್ಲಿ ಒಂದು ಹಿಡಿ ಶೇಂಗಾ ಚಟ್ನಿಪುಡಿ ಇರುತ್ತದೆ. ಒಮ್ಮೊಮ್ಮೆ ಅದರಲ್ಲಿ ಉಪ್ಪು ಹೆಚ್ಚು. ಹಾಗೆಂದು ಹೇಳುತ್ತೇವೆ.

ಓದುಗರ ಬೀದಿಯಲ್ಲಿಯೂ ಇಂಥ ಒಂದು ಪಂಕ್ತಿ ಏರ್ಪಡಬಹುದು. ಬೆಳ್ಳಿ ತಟ್ಟೆ ಬೇಡ, ಹದಿನಾರು ಬಗೆ ಬೇಡ. ಗೊತ್ತಿಲ್ಲದ ಒಂದು ಅಡಿಗೆಯನ್ನು ನೆರೆಯವರ ಮುಂದಿಡುವ ಧೈರ್ಯ ಬೇಕು. ಕೆಟ್ಟಿದ್ದರೆ ಕೆಟ್ಟಿದೆ ಎನ್ನುವ ಸಲಿಗೆ ತಾನಾಗಿ ಬರುತ್ತದೆ.

ಮಾರುಕಟ್ಟೆಗೆ ಮತ್ತೆ ಕೆಸುವಿನ ಎಲೆ ಬಂದಿದೆ. ಈ ಭಾನುವಾರ ನನ್ನ ಸರದಿ. ಹುಣಸೆ ದೊಡ್ಡ ನಿಂಬೆಹಣ್ಣಿನಷ್ಟೇ ನೆನೆಸುತ್ತೇನೆ. ಕಡಿಮೆಯಾದರೆ ಹೇಳುವವರಿದ್ದಾರೆ.