ಅಗಲ ಚಕ್ರದ ಆಸೆ ಮತ್ತು ಉಮ್ಮನ ಮೂರು ಪ್ರಶ್ನೆಗಳು



ಕೆಲವು ತಿಂಗಳ ಹಿಂದೆ ಓದುಗ ಸಹೋದರಿಯೊಬ್ಬರು ಫೋನ್ ಮಾಡಿದ್ದರು. ಅವರ ಮಗನಿಗೆ ಇಪ್ಪತ್ತೈದು ವರ್ಷ. ಶಾರ್ಜಾದಲ್ಲಿ ಕೆಲಸ. ಅಲ್ಲಿ ಆತ ಒಂದು ಹಳೆಯ ಟೊಯೊಟಾ 86 ಕಾರು ಕೊಂಡಿದ್ದ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. "ಹಿಂದಿನ ಸೀಟಿನಲ್ಲಿ ಒಂದು ಮಗು ಕೂಡ ಸರಿಯಾಗಿ ಕೂರಲಾರದು" ಎಂದು ಆ ತಾಯಿ ನಕ್ಕರು. ಆದರೆ ಮರುಕ್ಷಣವೇ ಅವರ ಧ್ವನಿ ಇಳಿಯಿತು. "ಈಗ ಅದಕ್ಕೆ ಅಗಲವಾದ ಚಕ್ರ ಹಾಕಿಸಬೇಕಂತೆ. ಎರಡು ತಿಂಗಳು ಮನೆಗೆ ಹಣ ಕಳಿಸುವುದಿಲ್ಲ ಎನ್ನುತ್ತಾನೆ. ತಂಗಿಯ ಕಾಲೇಜಿನ ಫೀಸು ಕಟ್ಟುವ ಸಮಯ. ಬೇಡವೆಂದರೆ ಮುನಿಸು, ಆಗಲಿ ಎಂದರೆ ನನಗೆ ನಿದ್ದೆ ಬಾರದು. ಏನು ಹೇಳಲಿ?"

ಇಂತಹ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: "ಇದೆಲ್ಲ ದುಂದುವೆಚ್ಚ, ಬಿಟ್ಟುಬಿಡು." ಆದರೆ ಏನೂ ತಿಳಿಯದೆ ಬೇಡವೆನ್ನುವ ತಾಯಿಯ ಮಾತಿಗೆ ದೂರದಲ್ಲಿರುವ ಮಗ ಎಷ್ಟು ಬೆಲೆ ಕೊಟ್ಟಾನು? ಆದ್ದರಿಂದ ಮೊದಲು ವಿಷಯ ತಿಳಿಯೋಣ ಎಂದುಕೊಂಡು, ಟಯರಿನ ಅಂಗಡಿ ನಡೆಸುವ ನಮ್ಮ ಪರಿಚಯದ ಹಿರಿಯರೊಬ್ಬರ ಬಳಿ ಕುಳಿತೆ. ಒಂದು ಗಂಟೆಯಲ್ಲಿ ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು. ಏಕೆಂದರೆ ಇಂದು ಅಗಲ ಚಕ್ರದ ಆಸೆ ಶಾರ್ಜಾದಲ್ಲಿ ಮಾತ್ರವಲ್ಲ, ನಮ್ಮ ಅಂಗಳದಲ್ಲಿ ನಿಂತಿರುವ ಸಣ್ಣ ಕಾರಿನ ಸುತ್ತಲೂ ಇದೆ.

ಟಯರಿನ ಪಕ್ಕದಲ್ಲಿ ಕೆಲವು ಅಂಕಿಗಳು ಅಚ್ಚಾಗಿರುತ್ತವೆ. ಟೊಯೊಟಾ 86ಕ್ಕೆ ಕಂಪೆನಿ ಕೊಟ್ಟದ್ದು 215/45 ಆರ್ 17. ಅಂದರೆ ಟಯರಿನ ಅಗಲ 215 ಮಿಲಿಮೀಟರ್, ಅದರ ಪಕ್ಕದ ಎತ್ತರ ಆ ಅಗಲದ ನೂರಕ್ಕೆ 45 ಭಾಗ, ಒಳಗಿನ ರಿಮ್ 17 ಇಂಚು. ಲೆಕ್ಕ ಹಾಕಿದರೆ ಟಯರ್ ಸೇರಿ ಚಕ್ರದ ಒಟ್ಟು ಎತ್ತರ ಸುಮಾರು 625 ಮಿ.ಮೀ. ಆ ಹುಡುಗನಿಗೆ ಅಂಗಡಿಯವರು ಹೇಳಿದ್ದು 245/40 ಆರ್ 18. ಅದರ ಎತ್ತರ ಸುಮಾರು 653 ಮಿ.ಮೀ. ನೂರಕ್ಕೆ ನಾಲ್ಕೂವರೆಯಷ್ಟು ಹೆಚ್ಚು. ಇದರಿಂದ ಸ್ಪೀಡೋಮೀಟರಿನ ಲೆಕ್ಕವೇ ತಪ್ಪುತ್ತದೆ. ಮುಂಚೆ ಮುಳ್ಳು 100 ತೋರಿಸುತ್ತಿದ್ದಾಗ ಇದ್ದ ವೇಗಕ್ಕಿಂತ ಈಗ ಅದೇ 100ರಲ್ಲಿ ಕಾರು ನಾಲ್ಕೈದು ಕಿಲೋಮೀಟರ್ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಅದೇ ಅಗಲದಲ್ಲಿ 245/35 ಆರಿಸಿದರೆ ಎತ್ತರ ಸುಮಾರು 629 ಮಿ.ಮೀ., ಹೆಚ್ಚುಕಡಿಮೆ ಹಳೆಯದರಷ್ಟೇ. ಒಂದು ಅಂಕಿಯಲ್ಲಿ ಇಷ್ಟು ವ್ಯತ್ಯಾಸ!

ಎರಡನೆಯದು ಆಫ್‌ಸೆಟ್. ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಮುಖ ರಿಮ್ಮಿನ ನಟ್ಟನಡುವೆ ಇರುವುದಿಲ್ಲ. ನಡುವಿನಿಂದ ಅದು ಎಷ್ಟು ಮಿಲಿಮೀಟರ್ ಸರಿದಿದೆ ಎಂಬುದೇ ಆಫ್‌ಸೆಟ್. ಈ ಕಾರಿನ ಮೂಲ ರಿಮ್ 7 ಇಂಚು ಅಗಲ, ಆಫ್‌ಸೆಟ್ 48. ಹುಡುಗ ಆರಿಸಿದ್ದು ಒಂಬತ್ತೂವರೆ ಇಂಚು ಅಗಲ, ಆಫ್‌ಸೆಟ್ 38. ಇದನ್ನು ಹಾಕಿದರೆ ಚಕ್ರ ಹೊರಕ್ಕೆ ಸುಮಾರು 42 ಮಿ.ಮೀ., ಒಳಕ್ಕೆ ಸುಮಾರು 22 ಮಿ.ಮೀ. ಹೆಚ್ಚು ಚಾಚುತ್ತದೆ. ಹೊರಗೆ ಮಡ್‌ಗಾರ್ಡ್ ಇದೆ, ಒಳಗೆ ಸ್ಪ್ರಿಂಗು ಮತ್ತು ಸಸ್ಪೆನ್ಷನ್ ಇವೆ. ಖಾಲಿ ಕಾರು ನಿಂತಿರುವಾಗ ಎಲ್ಲವೂ ಚೆಂದ ಕಾಣುತ್ತದೆ. ನಾಲ್ಕು ಜನ ಕುಳಿತು, ಸ್ಟಿಯರಿಂಗ್ ಪೂರ್ತಿ ತಿರುಗಿ, ರಸ್ತೆಯ ಉಬ್ಬಿಗೆ ಕಾರು ಕುಗ್ಗಿದಾಗ ಟಯರ್ ಹೋಗಿ ಲೋಹಕ್ಕೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಸವೆದ ಟಯರ್ ಎಂದು ಒಡೆಯುತ್ತದೆಂದು ಯಾರಿಗೂ ಹೇಳಲಾಗದು. ಚಕ್ರ ಹೊರಕ್ಕೆ ಸರಿದಷ್ಟೂ ಬೇರಿಂಗಿನ ಮೇಲೂ ಹೊರೆ ಹೆಚ್ಚುತ್ತದೆ.

ಹಾಗಾದರೆ ಅಗಲ ಟಯರಿನಿಂದ ಲಾಭವೇ ಇಲ್ಲವೇ? ಇದೆ, ಅದನ್ನೂ ಹೇಳಬೇಕು. ಒಣ ರಸ್ತೆಯ ತಿರುವಿನಲ್ಲಿ ಒಳ್ಳೆಯ ಅಗಲ ಟಯರ್ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹುಡುಗರು ಹೇಳುವುದು ಸುಳ್ಳಲ್ಲ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಟೊಯೊಟಾ ಮತ್ತು ಸುಬಾರು ಜೊತೆಗೂಡಿ ತಯಾರಿಸಿದ ಈ ಕಾರು 2012ರಲ್ಲಿ ಮಾರುಕಟ್ಟೆಗೆ ಬಂತು. ಅದರ ಮುಖ್ಯ ಎಂಜಿನಿಯರ್ ತೆತ್ಸುಯ ತಾದಾ ಬೇಕೆಂದೇ ಇದಕ್ಕೆ ಸಾಧಾರಣ ಅಗಲದ ಟಯರ್ ಕೊಟ್ಟರು. ಪೆಟ್ರೋಲು ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಎಂಬ ಕುಟುಂಬದ ಕಾರಿಗೆ ಹಾಕುತ್ತಿದ್ದಂಥದೇ ಮಿಶೆಲಿನ್ ಟಯರ್. ಕಾರು ಹಗುರ, ಎಂಜಿನ್ನಿನ ಬಲ ಸುಮಾರು 200 ಅಶ್ವಶಕ್ತಿ. ಟಯರ್ ಕಡಿಮೆ ವೇಗದಲ್ಲೇ ಮೆಲ್ಲಗೆ ಜಾರತೊಡಗಿದರೆ ಓಡಿಸುವವನಿಗೆ ಅಪಾಯದ ಅಂಚು ಮೊದಲೇ ಗೊತ್ತಾಗುತ್ತದೆ.

ಅಗಲ ಟಯರ್ ಹಾಕಿದರೆ ಆ ಅಂಚು ದೂರ ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಮುಂಚೆ 60ರಲ್ಲಿ ಜಾರುತ್ತಿದ್ದ ಕಾರು 80ರಲ್ಲಿ ಜಾರಿತೆಂದು ಇಟ್ಟುಕೊಳ್ಳಿ. ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ. ಆದರೆ ಡಿಕ್ಕಿಯ ಶಕ್ತಿ ಹೆಚ್ಚುವುದು ಮುಕ್ಕಾಲು ಭಾಗಕ್ಕೂ ಮಿಕ್ಕಿ! ಇನ್ನು ಮಳೆನೀರಿನ ಮೇಲಂತೂ ಅಗಲ ಟಯರ್ ಬೇಗನೆ ತೇಲತೊಡಗುತ್ತದೆ. ಅಗಲದ ಕೆಳಗಿನ ನೀರನ್ನು ಪಕ್ಕಕ್ಕೆ ತಳ್ಳಲು ಅದಕ್ಕೆ ಸಮಯ ಸಾಲದು. ಮರುಭೂಮಿಯಲ್ಲಿ ಮಳೆಯೆಲ್ಲಿ ಎನ್ನುತ್ತೀರಾ? 2024ರ ಏಪ್ರಿಲ್ 16ರಂದು ದುಬೈ, ಶಾರ್ಜಾದ ರಸ್ತೆಗಳು ಹೊಳೆಯಾದದ್ದನ್ನು ನೆನಪಿಸಿಕೊಳ್ಳಿ.

ಇಲ್ಲಿ ಊರಿನಲ್ಲಿರುವ ಮಕ್ಕಳ ತಾಯಂದಿರು ಕಾನೂನನ್ನೂ ತಿಳಿದಿರಬೇಕು. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂತಹ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇನ್ಶೂರೆನ್ಸ್ ಕಂಪೆನಿಗೆ ತಿಳಿಸದೆ ಮಾಡಿದ ಬದಲಾವಣೆ, ಅಪಘಾತವಾದಾಗ ಪರಿಹಾರಕ್ಕೇ ಅಡ್ಡಿಯಾಗಬಹುದು.

ಸಹೋದರಿಯರೇ, ಅಂದವಾದ ವಸ್ತುವನ್ನು ಬಯಸುವುದು ಪಾಪವಲ್ಲ. ದುಡಿದು ಸಂಪಾದಿಸಿದ ಹುಡುಗನಿಗೆ ತನ್ನದೊಂದು ಸಂತೋಷ ಬೇಡವೇ? ಆದರೆ ಹಕ್ಕುದಾರರ ಪಾಲನ್ನು ತಡೆಹಿಡಿದು, ಜನರ ಕಣ್ಣಿಗಾಗಿ ಖರ್ಚು ಮಾಡಿದಾಗ ಅದು ಇಸ್ರಾಫ್ ಆಗುತ್ತದೆ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿ(ಸ)ಯವರು ಉಪದೇಶಿಸಿದ್ದನ್ನು ನಾವೆಲ್ಲ ಮಕ್ಕಳಿಗೆ ಹೇಳಿದ್ದೇವೆ. ಕಾರಿನ ಚಕ್ರಕ್ಕೂ ಅದೇ ಪಾಠ. ಲೆಕ್ಕ ತಪ್ಪಿದ ಚಕ್ರ ಹಾಕಿಸಿ, ಕನ್ನಡಿಗೆ ತಸ್ಬೀಹ್ ತೂಗುಹಾಕಿದರೆ ತವಕ್ಕುಲ್ ಆಗದು.

ಆ ತಾಯಿಗೆ ನಾನು ಮೂರೇ ಪ್ರಶ್ನೆಗಳನ್ನು ಬರೆಸಿದೆ. ಒಂದು, ಹೊಸ ಚಕ್ರದ ಒಟ್ಟು ಎತ್ತರ ಹಳೆಯದಕ್ಕೆ ಸಮವಾಗಿದೆಯೇ? ಎರಡು, ಆಫ್‌ಸೆಟ್ ಎಷ್ಟು, ನಾಲ್ಕು ಜನ ಕುಳಿತು ಪೂರ್ತಿ ತಿರುಗಿಸಿದರೆ ಎಲ್ಲಾದರೂ ಉಜ್ಜುತ್ತದೆಯೇ? ಮೂರು, ಇನ್ಶೂರೆನ್ಸಿನವರು ಮತ್ತು ವಾಹನ ತಪಾಸಣೆಯವರು ಇದನ್ನು ಒಪ್ಪುತ್ತಾರೆಯೇ?

ವಾರದ ನಂತರ ಅವರ ಫೋನ್ ಬಂತು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಮ್ಮಾ, ನಿಮಗೆ ಆಫ್‌ಸೆಟ್ ಯಾರು ಕಲಿಸಿದರು?" ಎಂದು ಜೋರಾಗಿ ನಕ್ಕನಂತೆ. ಅಂಗಡಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ, "ಉಜ್ಜಿದರೆ ಮಡ್‌ಗಾರ್ಡಿನ ಅಂಚು ಬಗ್ಗಿಸಿದರಾಯಿತು" ಎಂದು. ಅವನಿಗೆ ಅದು ಸರಿಬರಲಿಲ್ಲ. ಹೀಗೆ ಚಕ್ರವನ್ನು ಬಗ್ಗಿ ನೋಡುತ್ತಿದ್ದಾಗ ಅವನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಟಯರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. ಅವನ ಟಯರಿನಲ್ಲಿ ಇದ್ದದ್ದು 1815. ಅಂದರೆ 2015ರ 18ನೇ ವಾರ! ಕೊಲ್ಲಿಯ ಬಿಸಿಲಿನಲ್ಲಿ ಅಷ್ಟು ವರ್ಷ ಬೆಂದು ರಬ್ಬರಿನಲ್ಲಿ ಸಣ್ಣ ಬಿರುಕುಗಳೆದ್ದಿದ್ದವು. ಅದರ ಮೇಲೆಯೇ ಆತ ದಿನಾ ಹೆದ್ದಾರಿಯಲ್ಲಿ ಹೋಗಿ ಬರುತ್ತಿದ್ದ.

ಈಗ ಹಳೆಯ ರಿಮ್ಮಿಗೇ ಅದೇ ಅಳತೆಯ ನಾಲ್ಕು ಹೊಸ ಟಯರ್ ಹಾಕಿಸಿದ್ದಾನೆ. ತಂಗಿಯ ಫೀಸೂ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಅಗಲ ಚಕ್ರದ ಆಸೆ ಮಾತ್ರ ಹೋಗಿಲ್ಲವಂತೆ. "ಮುಂದಿನ ವರ್ಷ ಲೆಕ್ಕ ಸರಿಯಾಗಿ ಹಾಕಿ, ನಿಮ್ಮಲ್ಲಿ ಕೇಳಿಯೇ ಹಾಕಿಸುತ್ತೇನೆ" ಎಂದಿದ್ದಾನೆ. ಇರಲಿ, ಕೇಳುತ್ತೇನೆ ಎಂದನಲ್ಲ!

ಇಂದು ಅಸರ್ ನಮಾಝಿನ ಬಳಿಕ ಒಮ್ಮೆ ಅಂಗಳಕ್ಕಿಳಿದು ನಿಮ್ಮ ಮನೆಯ ವಾಹನದ ಟಯರಿನ ಆ ನಾಲ್ಕು ಅಂಕಿಗಳನ್ನು ಓದಿ ನೋಡಿ. ಮಗ ಪರದೇಶದಲ್ಲಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ.