ಬಳಲಿದ ಹೃದಯಕ್ಕೆ ಚಾಟಿಯೊಂದೇ ಸಾಕೆ?

ಮುಷ್ಟಿಯಷ್ಟೇ ಗಾತ್ರದ ನಮ್ಮ ಹೃದಯವು, ನಾವು ವಿಶ್ರಮಿಸುತ್ತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೇಹಕ್ಕೆಲ್ಲ ನೂಕುತ್ತಿರುವುದು. ಹೃದಯಾಘಾತದಿಂದ ಅದರ ಸ್ನಾಯುವಿನ ದೊಡ್ಡ ಭಾಗವು ಕೆಲಸ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿಯುತ್ತದೆ, ಕೈಕಾಲುಗಳು ತಣ್ಣಗಾಗುತ್ತವೆ, ಮೂತ್ರ ಕಡಮೆಯಾಗುತ್ತದೆ, ಎಚ್ಚರ ಮಸುಳುತ್ತದೆ. ಇದನ್ನು ವೈದ್ಯರು ‘ಷಾಕ್’ ಎನ್ನುತ್ತಾರೆ. ವಿದ್ಯುತ್ತಿನ ಷಾಕಿಗೂ ಇದಕ್ಕೂ ಸಂಬಂಧವಿಲ್ಲ.

ಇಂತಹ ಸಂಕಟದಲ್ಲಿ ಬಳಸುವ ಔಷಧಗಳಲ್ಲಿ ಡೊಬ್ಯುಟಮೀನ್ ಒಂದು. ದೇಹದಲ್ಲಿಯೇ ಹುಟ್ಟುವ ಅಡ್ರಿನಲೀನ್ ಹೃದಯವನ್ನು ಚುರುಕುಗೊಳಿಸುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅದೇ ಜಾತಿಯ ಐಸೊಪ್ರೊಟಿರಿನಾಲ್ ಎಂಬ ಕೃತಕ ಔಷಧವು ಬಡಿತದ ವೇಗವನ್ನು ಮಿತಿಮೀರಿ ಹೆಚ್ಚಿಸುತ್ತಿದ್ದಿತು. ಅಮೆರಿಕದ ಎಲಿ ಲಿಲ್ಲಿ ಸಂಸ್ಥೆಯ ರೊನಾಲ್ಡ್ ಟಟ್ಲ್ ಮತ್ತು ಜ್ಯಾಕ್ ಮಿಲ್ಸ್ ಅದರ ಅಣುರಚನೆಯನ್ನು ಮಾರ್ಪಡಿಸಿ, ವೇಗಕ್ಕಿಂತ ಮಿಗಿಲಾಗಿ ಸಂಕೋಚನದ ಬಲವನ್ನು ಹೆಚ್ಚಿಸುವ ಡೊಬ್ಯುಟಮೀನನ್ನು 1975ರಲ್ಲಿ ಲೋಕಕ್ಕೆ ಪರಿಚಯಿಸಿದರು. ರಕ್ತದಲ್ಲಿ ಇದರ ಪ್ರಮಾಣವು ಸುಮಾರು 2 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದು. ಆದುದರಿಂದ ರಕ್ತನಾಳದೊಳಕ್ಕೆ ಎಡೆಬಿಡದೆ ಹರಿಸುತ್ತಲೇ ಇರಬೇಕು.

ಔಷಧ ಏರಿದೊಡನೆ ಹೃದಯ ಬಲವಾಗಿ ಹಿಂಡತೊಡಗುವುದನ್ನು ಕಂಡವರಿಗೆ, ರೋಗಿ ಉಳಿದನೆಂದೇ ತೋರುವುದು ಸಹಜ. ಆದರೆ ಬಲ ಹೆಚ್ಚಿತೆಂದ ಮಾತ್ರಕ್ಕೆ ಆಯುಸ್ಸು ಹೆಚ್ಚಿತೆನ್ನಲಾಗದು. ಬಳಲಿದ ಎತ್ತು ಚಾಟಿಯೇಟಿಗೆ ನಾಲ್ಕು ಹೆಜ್ಜೆ ಹಾಕೀತು. ಅದಕ್ಕೆ ಮೇವು ಸಿಕ್ಕಿದಂತಾಗಲಿಲ್ಲ. ಬಲವಾಗಿ ದುಡಿಯುವ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ಒದಗಿಸಬೇಕಾದ ರಕ್ತನಾಳವೇ ಮುಚ್ಚಿದ್ದರೆ ಗತಿಯೇನು? ಬಡಿತದ ಲಯ ತಪ್ಪುವ ಅಪಾಯವೂ ಉಂಟು.

ಇದು ಬರಿಯ ಊಹೆಯಲ್ಲ. ಹೃದಯದ ಬಲವನ್ನು ಬೇರೊಂದು ಮಾರ್ಗದಿಂದ ಹೆಚ್ಚಿಸುವ ಮಿಲ್ರಿನೋನ್ ಔಷಧವನ್ನು ಗುಳಿಗೆಯ ರೂಪದಲ್ಲಿ ತೀವ್ರ ಹೃದಯವೈಫಲ್ಯದ ರೋಗಿಗಳಿಗೆ ಕೊಟ್ಟು ಪರೀಕ್ಷಿಸಲಾಯಿತು. ಒಟ್ಟು 1,088 ಮಂದಿಯಲ್ಲಿ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನಿಸ್ಸತ್ವವಾದ ಗುಳಿಗೆ. 1991ರಲ್ಲಿ ಫಲಿತಾಂಶ ಹೊರಬಿದ್ದಾಗ, ಔಷಧ ಪಡೆದವರಲ್ಲಿ ಮರಣದ ಅಪಾಯವು ನೂರಕ್ಕೆ 28ರಷ್ಟು ಹೆಚ್ಚಿದ್ದಿತು! ಹೃದಯವನ್ನು ಬಲಗೊಳಿಸಬಲ್ಲ ಔಷಧವೇ ಆಯುಸ್ಸನ್ನು ಮೊಟಕುಗೊಳಿಸಿದ್ದಿತು.

ಹಾಗಾದರೆ ಇಂತಹ ಚುಚ್ಚುಮದ್ದುಗಳನ್ನು ಕೈಬಿಡಬೇಕೆ? ಖಂಡಿತ ಹಾಗಲ್ಲ. ತಿಂಗಳುಗಟ್ಟಲೆ ನುಂಗುವ ಗುಳಿಗೆ ಬೇರೆ, ಕುಸಿಯುತ್ತಿರುವವನಿಗೆ ಕೆಲವು ಗಂಟೆಗಳ ಆಸರೆ ಬೇರೆ. ಆದರೆ ಆಸರೆಯನ್ನೇ ಚಿಕಿತ್ಸೆಯೆಂದು ಭ್ರಮಿಸಬಾರದು. ಹೃದಯಾಘಾತದಿಂದ ಷಾಕಿಗೆ ಒಳಗಾದ 302 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನು ಸ್ಪಷ್ಟಪಡಿಸಿತು. ಮೊದಲು ಔಷಧಾದಿಗಳಿಂದ ಸ್ಥಿರಗೊಳಿಸಲು ಯತ್ನಿಸಿದ ಗುಂಪಿನಲ್ಲಿ ಆರು ತಿಂಗಳೊಳಗೆ ನೂರಕ್ಕೆ ಸುಮಾರು 63 ಮಂದಿ ಮಡಿದರು. ತಡಮಾಡದೆ ರಕ್ತನಾಳದ ತಡೆಯನ್ನು ನಿವಾರಿಸಿದ ಗುಂಪಿನಲ್ಲಿ ಮಡಿದವರು ನೂರಕ್ಕೆ ಸುಮಾರು 50. ಮೂಲವ್ಯಾಧಿಯನ್ನು ಸರಿಪಡಿಸುವ ತನಕ ಪ್ರಾಣವನ್ನು ಹಿಡಿದಿಡುವುದೇ ಚುಚ್ಚುಮದ್ದಿನ ಪಾತ್ರ. ಆ ಅವಕಾಶವನ್ನು ಕಳೆದುಕೊಂಡರೆ ಅದು ವ್ಯರ್ಥ.

ವಿಜ್ಞಾನವನ್ನು ಓದುವ ತರುಣರು ಇದರಿಂದ ಒಂದು ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಯಾವುದೇ ಹೊಸ ಔಷಧವು ರಕ್ತದ ಒತ್ತಡವನ್ನು ಏರಿಸಿತು, ಬಡಿತವನ್ನು ಬಲಪಡಿಸಿತು ಎಂಬ ಸುದ್ದಿ ಬಂದಾಗ ಅದನ್ನು ತಳ್ಳಿಹಾಕಬೇಡಿ; ಅಷ್ಟಕ್ಕೇ ತೃಪ್ತರೂ ಆಗಬೇಡಿ. ಅದನ್ನು ಪಡೆದವರಲ್ಲಿ ಎಷ್ಟು ಮಂದಿ ಉಳಿದರು, ಪಡೆಯದವರಲ್ಲಿ ಎಷ್ಟು ಮಂದಿ ಉಳಿದರು ಎಂದು ಕೇಳಿರಿ.